ಟ್ಯೂಬಿಂಗೆನ್‌ನಲ್ಲಿ ಅಪ್ಪನ ಎಡಗೈ

ಸ್ಟುಟ್‌ಗಾರ್ಟ್‌ನಿಂದ ಟ್ಯೂಬಿಂಗೆನ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಆರು ತಿಂಗಳ ಆನ್‌ಸೈಟ್‌ಗೆ ಬಂದ ನನ್ನ ಟೀಮಿನವರು ವೀಕೆಂಡ್ ಬಂತೆಂದರೆ ಪ್ಯಾರಿಸ್, ಜ್ಯೂರಿಕ್ ಅಂತ ಓಡುತ್ತಾರೆ. ನಾನು ಮಾತ್ರ ಎರಡನೇ ಶನಿವಾರವೇ ಈ ಸಣ್ಣ ಊರಿಗೆ ಹೊರಟೆ. ಕಾರಣ, ಅಪ್ಪನ ಎಡಗೈ.

ಅಪ್ಪ ಇಪ್ಪತ್ತೆಂಟು ವರ್ಷ ಬಸ್ ಓಡಿಸಿದವರು. ರಿಟೈರ್ ಆದ ಮರುವರ್ಷ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ಕಾಲೆಳೆದುಕೊಂಡಾದರೂ ನಡೆಯುತ್ತಾರೆ. ಗೇರ್ ಹಾಕುತ್ತಿದ್ದ ಎಡಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಕೂತಿದೆ. ಎರಡು ವರ್ಷವಾಯಿತು. ‘ಇನ್ನು ಹೆಚ್ಚೇನೂ ಬರೋದಿಲ್ಲ’ ಅಂತ ಡಾಕ್ಟರು ಹೇಳಿದ ಮೇಲೆ, ಫಿಸಿಯೋ ಹುಡುಗ ಬಂದರೆ ಅಪ್ಪ ನಿದ್ದೆ ಬಂದವರ ಹಾಗೆ ಮಲಗಿಬಿಡುತ್ತಾರೆ.

ಇಂಥ ಮುಚ್ಚಿದ ಕೈಗಳ ಮೇಲೆ ಟ್ಯೂಬಿಂಗೆನ್‌ನ ವಿಜ್ಞಾನಿಗಳು ಮಾಡಿದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಗಿತ್ತು. ಅದನ್ನು ಪಿಡಿಎಫ್‌ನಲ್ಲಿ ಎಷ್ಟು ಸಲ ಓದಿದ್ದೇನೋ! ಊರನ್ನಾದರೂ ನೋಡಿ ಬರೋಣ ಅನ್ನಿಸಿತು. ಅಪಾಯಿಂಟ್‌ಮೆಂಟ್ ಇಲ್ಲ, ಪರಿಚಯ ಇಲ್ಲ. ಹುಚ್ಚು ಅಂತಲೇ ಅನ್ನಿ.

ಸ್ಟೇಷನ್ನಿಂದ ಸ್ವಲ್ಪ ನಡೆದರೆ ನೆಕ್ಕರ್ ನದಿಯ ಸೇತುವೆ. ದಡದಲ್ಲಿ ಹಳದಿ ಗೋಪುರ; ಕವಿ ಹೋಲ್ಡರ್ಲಿನ್ ಮನಸ್ಸು ಕದಡಿದ ಮೇಲೆ 1807ರಿಂದ 1843ರಲ್ಲಿ ಸಾಯುವವರೆಗೆ ಇದ್ದದ್ದು ಅಲ್ಲೇ. ನದಿಯಲ್ಲಿ ಉದ್ದನೆಯ ದೋಣಿಗಳು. ಹುಟ್ಟಿಲ್ಲ, ಹಿಂದೆ ನಿಂತವನು ಗಳು ಊರಿ ನೂಕುತ್ತಾನೆ. ನಮ್ಮ ಕಡೆ ಹರಿಗೋಲು ನೋಡಿದವರಿಗೆ ಈ ದೋಣಿ ತೀರಾ ಶಿಸ್ತಿನದ್ದು ಅನ್ನಿಸೀತು.

ಮರದ ಚೌಕಟ್ಟಿನ ಹಳೇ ಮನೆಗಳ ನಡುವಿನ ಏರು ಹತ್ತಿ ಕೋಟೆಗೆ ಹೋದೆ. ಈ ಕೋಟೆಯ ಹಳೇ ಅಡುಗೆಮನೆಯೇ ಒಂದು ಕಾಲಕ್ಕೆ ಲ್ಯಾಬ್. 1869ರಲ್ಲಿ ಫ್ರೀಡ್ರಿಷ್ ಮೀಷರ್ ಎಂಬ ಹುಡುಗ ಆಸ್ಪತ್ರೆಯಿಂದ ಕೀವು ಹತ್ತಿದ ಬ್ಯಾಂಡೇಜು ತರಿಸಿ, ತೊಳೆದು, ಅದರ ಜೀವಕೋಶಗಳಿಂದ ಹೊಸ ವಸ್ತುವೊಂದನ್ನು ಬೇರ್ಪಡಿಸಿದ. ಇವತ್ತು ನಾವು ಡಿಎನ್‌ಎ ಅನ್ನುವುದು ಅದನ್ನೇ. ಕೀವಿನ ಬಟ್ಟೆಯಲ್ಲಿ! ನಾನು ಆ ಕಲ್ಲಿನ ಕೋಣೆಯಲ್ಲಿ ಬಹಳ ಹೊತ್ತು ನಿಂತಿದ್ದೆ.

ಎದುರು ಗುಡ್ಡದ ಮೇಲೆ ವಿಶ್ವವಿದ್ಯಾಲಯದ ಆಸ್ಪತ್ರೆ. ಬಸ್ಸಿನಲ್ಲಿ ಹೋಗಿ, ಹೊರಗಿನಿಂದ ನೋಡಿ, ವಾಪಸ್ ಬಂದೆ. ನೋಡೋಕೆ ಏನಿದೆ, ನಮ್ಮಲ್ಲಿನ ಯಾವುದೇ ದೊಡ್ಡ ಆಸ್ಪತ್ರೆಯಂತೆಯೇ ಕಾಂಕ್ರೀಟು, ಪಾರ್ಕಿಂಗು.

ನದಿ ದಂಡೆಯ ಗೋಡೆ ಮೇಲೆ ಕೂತು ಮನೆಗೆ ವಿಡಿಯೋ ಕಾಲ್ ಮಾಡಿದೆ. ಅಮ್ಮ ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಇಟ್ಟರು.

‘ಏನೋ ಅದು, ತಲೆಗೆ ವೈರ್ ಹಾಕೋ ವಿಷಯ?’ ಅಂದರು ಅಪ್ಪ.

ಬಸ್ಸಿನ ಭಾಷೆಯಲ್ಲೇ ಹೇಳಿದೆ. ‘ಗಾಡಿ ನ್ಯೂಟ್ರಲ್‌ನಲ್ಲಿ ನಿಂತಾಗ ಇಂಜಿನ್ ಗುರ್ ಅಂತಿರುತ್ತಲ್ಲಪ್ಪಾ, ಹಾಗೆ ಕೈ ಸುಮ್ಮನಿದ್ದಾಗ ಕೈ ಆಡಿಸೋ ಭಾಗದ ಮೆದುಳಲ್ಲಿ ಒಂದು ಅಲೆ ಇರುತ್ತೆ, ಸೆಕೆಂಡಿಗೆ 8ರಿಂದ 13 ಸಲ. ಕೈ ಬಿಚ್ಚಬೇಕು ಅಂತ ಪ್ರಯತ್ನಪಟ್ಟ ತಕ್ಷಣ ಆ ಅಲೆ ಕುಗ್ಗುತ್ತೆ. ಕೈ ಬಿಚ್ಚದಿದ್ದರೂ ಕುಗ್ಗುತ್ತೆ. ತಲೆಗೆ ಹಾಕಿದ ಟೋಪಿ ಅದನ್ನ ಹಿಡಿದು ಕಂಪ್ಯೂಟರಿಗೆ ಹೇಳುತ್ತೆ. ಕೈಗೆ ಕಟ್ಟಿದ ಯಂತ್ರ ಅದೇ ಕ್ಷಣ ಬೆರಳು ಬಿಚ್ಚುತ್ತೆ.’

ಅಪ್ಪ ಯೋಚಿಸಿದರು. ‘ಹಾಗಾದರೆ ಬಿಚ್ಚಿದ್ದು ಮೆಷಿನ್ನು. ನಾನೇನು ಮಾಡಿದ ಹಾಗಾಯ್ತು?’

ನಿಜ ಹೇಳುತ್ತೇನೆ, ಆ ಪ್ರಬಂಧದ ಅಸಲು ಪ್ರಶ್ನೆಯೇ ಅದು. 32 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಮೆದುಳು ಪ್ರಯತ್ನಿಸಿದಾಗ ಮಾತ್ರ ಯಂತ್ರ ಆಡಿತು. ಇನ್ನೊಂದಕ್ಕೆ ಪ್ರಯತ್ನಕ್ಕೂ ಅದಕ್ಕೂ ಸಂಬಂಧವಿಲ್ಲದೆ, ಮನಬಂದಂತೆ. ಎರಡಕ್ಕೂ ಫಿಸಿಯೋಥೆರಪಿ ಇತ್ತು. ಸುಮಾರು ನಾಲ್ಕು ವಾರದ ನಂತರ ಮೊದಲ ಗುಂಪಿನ ಕೈಗಳು ಮಾತ್ರ ಗಮನಾರ್ಹವಾಗಿ ಸುಧಾರಿಸಿದ್ದವು. ಬರೀ ಯಂತ್ರ ಆಡಿಸಿದರೆ ಸಾಲದು, ಒಳಗಿನಿಂದ ಪ್ರಯತ್ನ ಹೊರಟ ಕ್ಷಣಕ್ಕೇ ಬೆರಳು ಬಿಚ್ಚಬೇಕು.

‘ಎಷ್ಟು ಸುಧಾರಿಸಿತು?’

ಇಲ್ಲಿ ತಡವರಿಸಿದೆ. 54 ಅಂಕದ ಅಳತೆಯಲ್ಲಿ ಸರಾಸರಿ ಮೂರೂ ಚಿಲ್ಲರೆ ಅಂಕ. ಗೇರ್ ಹಾಕೋ ಕೈ ವಾಪಸ್ ಬಂದದ್ದಲ್ಲ. 2021ರಲ್ಲಿ ಅಮೆರಿಕದ ಎಫ್‌ಡಿಎ ಇಪ್ಸಿಹ್ಯಾಂಡ್ ಅನ್ನುವ ಇಂಥದೊಂದು ಸಾಧನಕ್ಕೆ ಅನುಮತಿಯನ್ನೂ ಕೊಟ್ಟಿದೆ. ಅದು ಪೆಟ್ಟು ಬೀಳದ ಬದಿಯ ಮೆದುಳಿನ ಸಂಕೇತ ಹಿಡಿಯುತ್ತದೆ. ಆದರೆ ತಿಪಟೂರಿನ ನಮ್ಮ ಮನೆಗೆ ಅದನ್ನು ಹೇಗೆ ತರಲಿ? ಆರು ತಿಂಗಳಿಂದ ‘ಒಂದು ಮೆಷಿನ್ ಇದೆಯಪ್ಪಾ’ ಅಂತ ಆಸೆ ಹುಟ್ಟಿಸಿದವನು ನಾನು. ಅಲ್ಪವೇ ಆದರೂ ನಿಜವನ್ನೇ ಹೇಳಿದೆ.

ಅಪ್ಪನಿಗೆ ಬೇಜಾರಾಗುತ್ತೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆಯೇ.

‘ಅಂದರೆ, ನಾನು ಬಿಚ್ಚಬೇಕು ಅಂತ ಮನಸ್ಸು ಮಾಡಿದರೆ ಒಳಗೆ ಏನೋ ಆಗೋದು ನಿಜ ತಾನೇ? ಕೈ ಆಡದಿದ್ದರೂ?’

‘ಅಲ್ಲಿದ್ದವರ ವಿಷಯದಲ್ಲಿ ಹೌದಪ್ಪಾ. ನಿಮ್ಮದನ್ನ ನೋಡಿಲ್ಲ.’

‘ಫಿಸಿಯೋ ಹುಡುಗ ಕೈ ಎಳೆಯುವಾಗ ನಾನು ಟೀವಿ ನೋಡ್ತಿರ್ತೀನಿ’ ಅಂದರು.

ಹಿಂದಿನಿಂದ ಅಮ್ಮ, ‘ನಾನು ಹೇಳಿದರೆ ಕೇಳಲ್ಲ’ ಅಂದರು.

ಅಪ್ಪ ಮುಷ್ಟಿಯನ್ನು ಬಲಗೈಯಿಂದ ಎತ್ತಿ ಮೇಜಿನ ಮೇಲೆ, ಫೋನಿನ ಮುಂದೆ ಇಟ್ಟರು. ಹಣೆಯಲ್ಲಿ ಗೆರೆ ಮೂಡಿತು. ಬೆರಳು ಆಡಲಿಲ್ಲ. ದೋಣಿಯವನೊಬ್ಬ ಗಳು ಊರುತ್ತಾ ನನ್ನೆದುರು ಹಾದುಹೋದ.

‘ಕಾಣ್ತಾ?’ ಅಂದರು.

‘ಇಲ್ಲಪ್ಪಾ.’

‘ತಡಿ, ಇನ್ನೊಂದು ಸಲ. ಫೋನ್ ಇಡಬೇಡ.’