ಸೊನ್ನೆಯಿಂದ ಒಂದು ಕಳೆದರೆ

ಕಳೆದ ಸೆಮ್‌ನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಇಂಟರ್ನಲ್ಸ್. ಅರೇಯನ್ನು ಕೊನೆಯಿಂದ ಮೊದಲಿಗೆ ಪ್ರಿಂಟ್ ಮಾಡೋ ಲೂಪ್ ಬರೆದಿದ್ದೆ. ಅದು ಸೊನ್ನೆಗೆ ಬಂದರೂ ನಿಲ್ಲಲಿಲ್ಲ. ಏನೇನೋ ಕಸ ಉಗುಳಿ ಕ್ರ್ಯಾಶ್ ಆಯ್ತು. ಇಂಡೆಕ್ಸ್ ಎಷ್ಟಾಗಿದೆ ಅಂತ ನೋಡಿದರೆ 18446744073709551615. ಐದು ಮಾರ್ಕ್ಸ್ ಹೋಯ್ತು.

ತಪ್ಪು ನಂದೇ. ಇಂಡೆಕ್ಸ್‌ಗೆ ಅನ್‌ಸೈನ್ಡ್ ಟೈಪ್ ಕೊಟ್ಟಿದ್ದೆ, ಅದಕ್ಕೆ ಮೈನಸ್ ಅನ್ನೋದೇ ಗೊತ್ತಿಲ್ಲ. ಸೊನ್ನೆಯಿಂದ ಒಂದು ಕಳೆದರೆ 64 ಬಿಟ್‌ಗಳೂ ಒಂದಾಗಿಬಿಡುತ್ತವೆ, ಅಂದರೆ 2ರ 64ನೇ ಘಾತದಲ್ಲಿ ಒಂದು ಕಮ್ಮಿ. ಚದುರಂಗದ ಮಣೆ ಮೇಲೆ ಮನೆಮನೆಗೂ ಕಾಳು ದುಪ್ಪಟ್ಟು ಮಾಡೋ ಕಥೆಯಲ್ಲಿ ಒಟ್ಟು ಕಾಳೂ ಇಷ್ಟೇ.

ಹೊಟ್ಟೆ ಉರಿಗೆ ಆ ಸಂಖ್ಯೆಯನ್ನು ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೆ. ರಜೆಗೆ ತಿಪಟೂರಿಗೆ ಹೋದಾಗ ಅದು ತಾತನ ಕಣ್ಣಿಗೆ ಬಿತ್ತು. ಕೊಬ್ಬರಿ ಮಂಡಿಯಲ್ಲಿ ನಲವತ್ತು ವರ್ಷ ಲೆಕ್ಕ ಬರೆದವರು.

"ಇದೆಷ್ಟು ಮಗ?"

"ಏಯ್ಟೀನ್ ಕ್ವಿಂಟಿಲಿಯನ್..."

"ಕನ್ನಡದಲ್ಲಿ ಓದೋ."

ಓದಕ್ಕಾಗಲಿಲ್ಲ. ನಾನು ಎಣಿಸೋದು ಇಂಗ್ಲಿಷಲ್ಲಿ. 84 ಕಂಡರೆ ಮೊದಲು ಏಯ್ಟಿಫೋರ್ ಬರುತ್ತೆ, ಎಂಬತ್ತನಾಲ್ಕು ನಿಧಾನಕ್ಕೆ ಹಿಂದಿನಿಂದ ಬರುತ್ತೆ. ಮನೆಯಲ್ಲಿ ಮಾತಾಡೋದೆಲ್ಲ ಕನ್ನಡ ಅಂತ ಜಂಬ ಬೇರೆ. ತಾತ ಬಲಗಡೆಯಿಂದ ಬೆರಳಿಟ್ಟು ಎಣಿಸಿ ಒಂದೇ ಉಸಿರಿಗೆ ಓದಿದರು: "ಒಂದು ಲಕ್ಷ ಎಂಬತ್ನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ, ನಲವತ್ನಾಲ್ಕು ಲಕ್ಷದ ಏಳು ಸಾವಿರದ ಮುನ್ನೂರ ಎಪ್ಪತ್ತು ಕೋಟಿ, ತೊಂಬತ್ತೈದು ಲಕ್ಷದ ಐವತ್ತೊಂದು ಸಾವಿರದ ಆರುನೂರ ಹದಿನೈದು." ಆಮೇಲೆ ಅಂಕಿಗಳನ್ನೆಲ್ಲ ಕೂಡಿದರು. 87. "ಮೂರರಿಂದ ಹೋಗುತ್ತೆ. ಕೊನೇಲಿ ಐದಿದೆ, ಐದರಿಂದಲೂ ಹೋಗುತ್ತೆ. ಮುಂದೆ?"

ಮುಂದಿನದು ನನಗೆ ಗೊತ್ತಿತ್ತು. ಹೈಸ್ಕೂಲಿನ ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್ ಸೂತ್ರವನ್ನೇ ಮತ್ತೆ ಮತ್ತೆ ಹಾಕಿದರೆ ಇಡೀ ಸಂಖ್ಯೆ 3, 5, 17, 257, 65537, 4294967297 ಇವುಗಳ ಗುಣಲಬ್ಧವಾಗಿ ಬಿಚ್ಚಿಕೊಳ್ಳುತ್ತೆ. ಮೊದಲ ಐದೂ ಅವಿಭಾಜ್ಯ. ಈ ಸಾಲಿನಲ್ಲಿ ಬರೋದೆಲ್ಲ ಅವಿಭಾಜ್ಯವೇ ಅಂತ ಫರ್ಮಾ ನಂಬಿದ್ದ. 1732ರಲ್ಲಿ ಆಯ್ಲರ್ ಆರನೆಯದನ್ನು 641ರಿಂದ ಒಡೆದ.

"ಕಂಪ್ಯೂಟರ್ ಇಲ್ದೆ ಹೆಂಗೆ?"

ಅದನ್ನು ಭಾಗಿಸೋ ಯಾವ ಅವಿಭಾಜ್ಯವೇ ಆಗಲಿ, 64ರಿಂದ ಭಾಗಿಸಿದರೆ ಶೇಷ ಒಂದೇ ಉಳಿಯಬೇಕು. ಹಾಗಾಗಿ 193, 257, 449, 577 ನೋಡಿದರೆ ಐದನೆಯದೇ 641. ಇಷ್ಟನ್ನು ಕನ್ನಡದಲ್ಲಿ ಹೇಳೋಷ್ಟರಲ್ಲಿ ಬೆವರು ಬಂತು. 'ರಿಮೈಂಡರ್' ಅಂತ ಎರಡು ಸಲ ಅಂದೆ, ತಾತನೇ 'ಶೇಷ' ಅಂತ ತಿದ್ದಿದರು.

ನನ್ನ ಮಾತು ನಂಬದೆ ಪೆನ್ನು ತಗೊಂಡು ತಾವೇ ಭಾಗಾಕಾರ ಹಾಕಿದರು. 6700417, ಶೇಷ ಸೊನ್ನೆ. ನಾನು ಫೋನಿನಲ್ಲಿ ಚೆಕ್ ಮಾಡಿದ್ದನ್ನು ಅವರು ನೋಡಿಬಿಟ್ಟರು, ಏನೂ ಅನ್ನಲಿಲ್ಲ.

"ಇದನ್ನ್ಯಾಕೆ ಬರ್ಕೊಂಡಿದ್ದೆ?" ಅಂದರು. ಸೊನ್ನೆ, ಒಂದು, ಐದು ಮಾರ್ಕ್ಸ್, ಎಲ್ಲ ಹೇಳಿದೆ.

"ಸೊನ್ನೆಯಿಂದ ಒಂದು ಹೋದ್ರೆ ಸಾಲ ಮಗ. ನಿಮ್ ಕಂಪ್ಯೂಟರ್ ಅದನ್ನ ಜಮಾ ಕಡೆ ಬರ್ಕೊಂಡ್ಬಿಟ್ಟಿದೆ."