ಹೊಸಪೇಟೆ ಎಂಬ ಬಂದರು

ಕಡಲ ವಿಹಾರಕ್ಕೆ ಹೋಗುವವರಿಗೆ ಒಂದು ನಿಯಮ ಚೆನ್ನಾಗಿ ಗೊತ್ತು: ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ಮಳೆಗಾಲ ಮುಗಿದ ಮೇಲೆ ನವಮಂಗಳೂರು ಬಂದರಿಗೆ ದೂರದ ದೇಶಗಳಿಂದ ವಿಹಾರ ನೌಕೆಗಳು ಬರುತ್ತವೆ. ಬೆಳಿಗ್ಗೆ ಬಂದ ನೌಕೆ ಸಾಮಾನ್ಯವಾಗಿ ಸಂಜೆಗೆ ಹೊರಟುಬಿಡುತ್ತದೆ. ನಡುವೆ ಸಿಗುವ ಕೆಲವೇ ಗಂಟೆಗಳಲ್ಲಿ ಪ್ರಯಾಣಿಕರು ಕಾರ್ಕಳದ ಗೊಮ್ಮಟನನ್ನೋ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೋ ನೋಡಿ ಬರಬೇಕು. ಹಡಗಿನವರೇ ಗೊತ್ತುಮಾಡಿದ ಬಸ್ಸು ಹತ್ತುವವರು ಕೆಲವರು. ತಾವೇ ನಕ್ಷೆ ಹಿಡಿದು, ಸಮಯ ಲೆಕ್ಕ ಹಾಕಿ ದಡಕ್ಕಿಳಿಯುವವರು ಇನ್ನು ಕೆಲವರು. ಎರಡನೆಯವರು ನೋಡುವ ಜಾಗ ಕಡಿಮೆಯಿರಬಹುದು. ಆದರೆ ನೋಡಿದ್ದು ಅವರಿಗೆ ಬಹುಕಾಲ ನೆನಪಿರುತ್ತದೆ.

ಸಮುದ್ರದಿಂದ ಬಹುದೂರವಿರುವ ಹೊಸಪೇಟೆಗೂ ಈ ಮಾತು ಒಪ್ಪುತ್ತದೆ. 2008ರಲ್ಲಿ ಆರಂಭವಾದ, ಹಂಪಿಯ ಕಲ್ಲಿನ ರಥದಿಂದಲೇ ಹೆಸರು ಪಡೆದ ‘ಸುವರ್ಣ ರಥ’ ರೈಲು ಒಂದು ರೀತಿಯಲ್ಲಿ ಹಳಿಯ ಮೇಲಿನ ವಿಹಾರ ನೌಕೆಯೇ. ಅದರ ಪ್ರಯಾಣಿಕರೂ ಹೊಸಪೇಟೆಯಲ್ಲಿಳಿದು, ಒಟ್ಟಾಗಿ ಹಂಪಿ ನೋಡಿ, ಒಟ್ಟಾಗಿ ರೈಲಿಗೆ ಮರಳುತ್ತಾರೆ. ನಮ್ಮ ಶಾಲಾ ಪ್ರವಾಸಗಳದ್ದೂ ಬಹುಮಟ್ಟಿಗೆ ಇದೇ ಕಥೆ. ರಾತ್ರಿಯೆಲ್ಲ ಬಸ್ಸು, ಬೆಳಿಗ್ಗೆ ಹಂಪಿ, ಮಧ್ಯಾಹ್ನ ಅಣೆಕಟ್ಟು, ಸಂಜೆ ಮತ್ತೆ ಬಸ್ಸು. ಮನೆಗೆ ಬಂದ ಮಕ್ಕಳನ್ನು ಏನು ನೋಡಿದಿರಿ ಎಂದು ಕೇಳಿದರೆ ‘ಕಲ್ಲು’ ಎನ್ನುತ್ತಾರೆ. ತಪ್ಪು ಅವರದಲ್ಲ. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ಅವರನ್ನು ಯಾರೂ ಕೇಳಿರುವುದಿಲ್ಲ.

ದಸರಾ ರಜೆಯಲ್ಲಿ ಮೂರು ದಿನ ಬಿಡುವಿದ್ದರೆ ಹೊಸಪೇಟೆಯನ್ನೇ ಬಂದರು ಮಾಡಿಕೊಂಡು, ದಿನಕ್ಕೊಂದು ದಡ ಎಂಬಂತೆ ಸುತ್ತಲಿನ ಊರುಗಳನ್ನು ನೋಡಬಹುದು. ಯೋಜನೆ ಮಾಡುವ ಕೆಲಸ ಮಕ್ಕಳಿಗೇ ಇರಲಿ.

ಬಂದರಿನ ಪರಿಚಯ

ಹೊಸಪೇಟೆ ವಿಜಯನಗರ ಕಾಲದ ಊರು. ಕೃಷ್ಣದೇವರಾಯ ತನ್ನ ರಾಣಿ ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರ ಇದೇ ಎನ್ನುತ್ತಾರೆ. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ವಿಜಯನಗರ ಜಿಲ್ಲೆಯನ್ನು ರಚಿಸಿದಾಗ ಇದು ಜಿಲ್ಲಾ ಕೇಂದ್ರವಾಯಿತು. ರೈಲು, ಬಸ್ಸು ಎರಡೂ ಉಂಟು. ಎಲ್ಲ ಅಂತಸ್ತಿನ ವಸತಿಗೃಹಗಳೂ ಉಂಟು. ಬೆಳಗಿನ ಹೊತ್ತು ಬಸ್ ನಿಲ್ದಾಣದ ಸುತ್ತ ವಗ್ಗರಣಿ ಮಂಡಕ್ಕಿ, ಮಿರ್ಚಿಯ ಘಮ ಹರಡಿರುತ್ತದೆ.

ಇಲ್ಲಿಂದ ಹಂಪಿಗೆ 13 ಕಿ.ಮೀ. ಆಗ್ನೇಯಕ್ಕೆ ಸಂಡೂರು, ಈಶಾನ್ಯಕ್ಕೆ ಕಂಪ್ಲಿ. ಎರಡೂ ಸುಮಾರು 30 ಕಿ.ಮೀ. ತುಂಗಭದ್ರಾ ಅಣೆಕಟ್ಟು ಊರಿನ ಮಗ್ಗುಲಲ್ಲೇ ಇದೆ. ಒಂದು ಹಾಳೆಯ ಮೇಲೆ ಹೊಸಪೇಟೆಯನ್ನು ನಡುವಿಟ್ಟು ಈ ಊರುಗಳನ್ನು ಗುರುತಿಸಿ, ತುಂಗಭದ್ರೆಯನ್ನು ನೀಲಿ ಗೆರೆಯಲ್ಲಿ ಎಳೆಯುವುದು ಮಕ್ಕಳ ಮೊದಲ ಕೆಲಸವಾಗಲಿ. ಆ ನೀಲಿ ಗೆರೆ ಯಾವ ದಾರಿಯನ್ನು ಎಲ್ಲಿ ಕತ್ತರಿಸುತ್ತದೆ ಎಂಬುದು ಮುಂದೆ ಬಹಳ ಮುಖ್ಯವಾಗುತ್ತದೆ.

ಹಿಂದಿನಿಂದ ಎಣಿಸುವ ಲೆಕ್ಕ

ಪ್ರವಾಸದ ವೇಳಾಪಟ್ಟಿಯನ್ನು ಸಾಮಾನ್ಯವಾಗಿ ಬೆಳಿಗ್ಗೆಯಿಂದ ಬರೆಯುತ್ತಾರೆ. ಬರೆಯಬೇಕಾದದ್ದು ರಾತ್ರಿಯಿಂದ. ಕೊನೆಯ ದಿನ ರಾತ್ರಿ 9ಕ್ಕೆ ರೈಲು ಎಂದು ಇಟ್ಟುಕೊಳ್ಳೋಣ. ನಿಲ್ದಾಣದಲ್ಲಿ 8.15ಕ್ಕೆ ಇರಬೇಕು. ಸಾಮಾನು ಕಟ್ಟಲು, ಊಟಕ್ಕೆ ಒಂದೂವರೆ ಗಂಟೆ, ಹಾಗಾದರೆ 6.45ಕ್ಕೆ ಹೊಸಪೇಟೆ ಮುಟ್ಟಿರಬೇಕು. ಹಂಪಿಯಿಂದ ಬಸ್ಸಿಗೆ ಕಾಯುವುದಕ್ಕೆ ಅರ್ಧ ಗಂಟೆ, ಪ್ರಯಾಣಕ್ಕೆ ಅರ್ಧ ಗಂಟೆ, ಅಂದರೆ 5.45ಕ್ಕೆ ಹಂಪಿಯ ಬಸ್ ನಿಲ್ದಾಣ. ವಿಠ್ಠಲ ದೇವಸ್ಥಾನದಿಂದ ಹೊಳೆದಂಡೆಯ ದಾರಿಯಲ್ಲಿ ನಡೆದುಬರಲು, ನಡುವೆ ಕೂತು ನೀರು ಕುಡಿಯಲು ಒಂದು ಗಂಟೆ. ಆದ್ದರಿಂದ 4.45ಕ್ಕೆ ವಿಠ್ಠಲನಿಗೆ ಕೈಮುಗಿದು ಹೊರಡಲೇಬೇಕು. ಕಲ್ಲಿನ ರಥದ ಮುಂದೆ ಇನ್ನೊಂದು ಚಿತ್ರ ತೆಗೆಯೋಣ ಎನ್ನುವವರಿಗೆ ಉತ್ತರ ಈ ಲೆಕ್ಕದಲ್ಲೇ ಇದೆ.

ಒಬ್ಬ ಮಗುವಿಗೆ ಗಡಿಯಾರ, ಒಬ್ಬರಿಗೆ ಖರ್ಚಿನ ಪುಸ್ತಕ, ಒಬ್ಬರಿಗೆ ನಕ್ಷೆ ಎಂದು ಕೆಲಸ ಹಂಚಬಹುದು. ದೊಡ್ಡವರು ಜೊತೆಗಿದ್ದರೆ ಸಾಕು. ಬಸ್ಸೊಂದು ತಪ್ಪಿದರೆ ತಪ್ಪಲಿ. ಮುಂದಿನ ಬಸ್ಸು ಬರುವವರೆಗೆ ಮಕ್ಕಳು ಕಲಿಯುವ ಪಾಠ ಚಿಕ್ಕದಲ್ಲ.

ಮೊದಲ ದಡ: ಹಂಪಿ

ಹಂಪಿಯನ್ನು ಒಂದು ದಿನದಲ್ಲಿ ಪೂರ್ತಿ ನೋಡಲಾಗದು. ಕಡಿಮೆ ಆರಿಸಿಕೊಂಡು ಚೆನ್ನಾಗಿ ನೋಡುವುದೇ ಜಾಣತನ. ಬೆಳಗಿನ ತಂಪಿನಲ್ಲಿ ವಿರೂಪಾಕ್ಷ ದೇವಸ್ಥಾನದಿಂದ ಆರಂಭಿಸಬಹುದು. ಒಂಬತ್ತು ಅಂತಸ್ತಿನ ಪೂರ್ವದ ಗೋಪುರ ಸುಮಾರು 50 ಮೀಟರ್ ಎತ್ತರವಿದೆ. ಗರ್ಭಗುಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಒಂದು ಸಣ್ಣ ಕಿಂಡಿ. ಅದರೆದುರಿನ ಗೋಡೆಯ ಮೇಲೆ ಈ ಗೋಪುರ ತಲೆಕೆಳಗಾಗಿ ಮೂಡುತ್ತದೆ. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಗೋಪುರದ ತುದಿಯಿಂದ ಹೊರಟ ಕಿರಣ ಕಿಂಡಿಯನ್ನು ಹಾದು ಗೋಡೆಯ ಕೆಳಗೆ ಬೀಳುತ್ತದೆ, ಬುಡದ ಕಿರಣ ಮೇಲಕ್ಕೆ ಹೋಗುತ್ತದೆ. ಊರಿಗೆ ಮರಳಿದ ಮೇಲೆ ಬೆಂಕಿಪೊಟ್ಟಣ, ಸೂಜಿ, ಎಣ್ಣೆ ಕಾಗದದಿಂದ ಮಕ್ಕಳು ಇದನ್ನೇ ಮಾಡಿ ನೋಡಬಹುದು.

ಹೇಮಕೂಟ ಹತ್ತಿದರೆ ಸುತ್ತಲೂ ಬಂಡೆಗಳ ರಾಶಿ. ವಾನರರು ಎಸೆದಾಡಿದ ಕಲ್ಲುಗಳೆಂಬ ಕಥೆ ಅಜ್ಜಿಯರದ್ದು. ಭೂವಿಜ್ಞಾನದ ಕಥೆಯೂ ಅಷ್ಟೇ ಸ್ವಾರಸ್ಯಕರ. ಈ ಬೆಣಚು ಬೆರೆತ ಗ್ರಾನೈಟ್ ಶಿಲೆಗೆ ಸುಮಾರು 250 ಕೋಟಿ ವರ್ಷ. ಶಿಲೆಯಲ್ಲಿ ಅಡ್ಡ-ಉದ್ದ ಬಿರುಕು ಬಿಟ್ಟು, ಬಿರುಕಿಗೆ ನೀರಿಳಿದು, ಚೌಕ ತುಂಡುಗಳ ಮೂಲೆಗಳು ಮೊದಲು ಸವೆದವು. ಮೂಲೆಗೆ ಮೂರು ಕಡೆಯಿಂದ ಪೆಟ್ಟು, ಮುಖಕ್ಕೆ ಒಂದೇ ಕಡೆಯಿಂದ. ಆದ್ದರಿಂದ ಚೌಕ ಕಲ್ಲು ಗುಂಡುಕಲ್ಲಾಯಿತು. ನಡುವಿನ ಮಣ್ಣು ಕೊಚ್ಚಿಹೋದಾಗ ಉಳಿದದ್ದೇ ಒಂದರ ಮೇಲೊಂದು ಕುಳಿತಂತೆ ಕಾಣುವ ಈ ಗುಂಡುಗಳು.

ದಸರೆಯ ದಿನಗಳಲ್ಲಿ ಬಂದವರು ಮಹಾನವಮಿ ದಿಬ್ಬವನ್ನು ಬಿಡಬಾರದು. 1443ರಲ್ಲಿ ಪಾರಸಿ ರಾಯಭಾರಿ ಅಬ್ದುಲ್ ರಜಾಕ್, 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇಲ್ಲಿನ ನವರಾತ್ರಿಯ ವೈಭವವನ್ನು ಕಂಡು ಬರೆದಿಟ್ಟಿದ್ದಾರೆ. ಇದೇ ಸಂಪ್ರದಾಯವನ್ನು ಒಡೆಯರು ಶ್ರೀರಂಗಪಟ್ಟಣದಲ್ಲಿ, ಆಮೇಲೆ ಮೈಸೂರಿನಲ್ಲಿ ಮುಂದುವರಿಸಿದರು. ದಿಬ್ಬದ ಪಕ್ಕದ ಮೆಟ್ಟಿಲು ಪುಷ್ಕರಣಿಯ ಕಲ್ಲುಗಳ ಮೇಲೆ, ಯಾವ ಕಲ್ಲು ಎಲ್ಲಿ ಕೂಡಬೇಕೆಂದು ಶಿಲ್ಪಿಗಳು ಬರೆದುಕೊಂಡ ಕನ್ನಡ ಅಕ್ಷರಗಳಿವೆ. ಹುಡುಕುವ ಕೆಲಸ ಮಕ್ಕಳದ್ದು.

ಪುರಾತತ್ವ ಇಲಾಖೆಯ ಟಿಕೆಟ್ಟು ಹದಿನೈದು ವರ್ಷದೊಳಗಿನವರಿಗೆ ಬೇಕಿಲ್ಲ. ವಿಠ್ಠಲ ದೇವಸ್ಥಾನದಲ್ಲಿ ಕೊಂಡ ಟಿಕೆಟ್ಟು ಅದೇ ದಿನ ಕಮಲ ಮಹಲಿನ ಆವರಣಕ್ಕೂ ಸಲ್ಲುತ್ತದೆ. ಆದ್ದರಿಂದ ಎರಡನ್ನೂ ಒಂದೇ ದಿನಕ್ಕೆ ಹೊಂದಿಸಬೇಕು. ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಹೊಳೆ ಹೇಳಿದ ಹಾಗೆ

ಹಂಪಿಯಿಂದ ಆನೆಗೊಂದಿ ಕೂಗಳತೆಯ ದೂರ, ನಡುವೆ ತುಂಗಭದ್ರೆ. ತಳವಾರಘಟ್ಟದಿಂದ ಹರಿಗೋಲಿನಲ್ಲಿ ದಾಟುವುದು ಹಳೆಯ ಪದ್ಧತಿ. ಬುಟ್ಟಿಯಂತೆ ದುಂಡಗಿರುವ ಈ ದೋಣಿಗಳ ಬಗ್ಗೆ ಪಯಸ್ ಕೂಡ ಬರೆದಿದ್ದಾನೆ. ಆಗ ಬೆತ್ತದ ಬುಟ್ಟಿಗೆ ಚರ್ಮದ ಹೊದಿಕೆ. ಈಗ ಬಿದಿರಿನ ಬುಟ್ಟಿಗೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ತಳ ಅಗಲವಾಗಿರುವುದರಿಂದ ಬಂಡೆಗಳ ನಡುವಿನ ತೆಳು ನೀರಿನಲ್ಲೂ ತೇಲುತ್ತದೆ. ಮುಂದು-ಹಿಂದು ಎಂಬುದಿಲ್ಲದ್ದರಿಂದ ಸೆಳವಿಗೆ ಸಿಕ್ಕರೆ ಗಿರಗಿರನೆ ತಿರುಗುತ್ತದೆ.

ಮಕ್ಕಳ ಯೋಜನೆಗೆ ಮಿತಿ ಹಾಕಬೇಕಾದದ್ದು ಇಲ್ಲಿ. ಹಂಪಿಯಲ್ಲಿ ಮೋಡವಿಲ್ಲದ ದಿನವೂ ಹೊಳೆ ಏರಬಹುದು, ಏಕೆಂದರೆ ಮಳೆ ಬಿದ್ದಿರುವುದು ದೂರದ ಮಲೆನಾಡಿನಲ್ಲಿ, ನೀರು ಬಿಡುವುದು ಮೇಲಿನ ಅಣೆಕಟ್ಟಿನಿಂದ. ಒಂದು ಲಕ್ಷ ಕ್ಯೂಸೆಕ್ ಎಂದು ಪತ್ರಿಕೆಯಲ್ಲಿ ಓದಿದರೆ ಅದರರ್ಥ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್. ವಿಠ್ಠಲ ದೇವಸ್ಥಾನದ ಬಳಿ ಹೊಳೆಯಲ್ಲಿರುವ ಪುರಂದರ ಮಂಟಪ ಒಂದು ಅಳತೆಗೋಲು. ಹೆಚ್ಚು ನೀರು ಬಿಟ್ಟಾಗ ಅದು ಮುಳುಗುತ್ತದೆ. ಅಂಬಿಗರು ಇಂದು ಬೇಡ ಎಂದರೆ ಮರುಮಾತಿಲ್ಲ. ಇಂದು ಆದೀತು ಎಂದರೂ ಜೀವರಕ್ಷಕ ಅಂಗಿ ಇಲ್ಲದೆ, ಬುಟ್ಟಿ ತುಂಬ ಜನ ಹತ್ತಿದ ಮೇಲೆ ಕೂಡಬಾರದು. ಬಂಡೆಗಳ ನಡುವೆ ಸುಳಿಗಳಿರುವುದರಿಂದ ಸ್ನಾನಕ್ಕಿಳಿಯುವ ಮಾತೂ ಬೇಡ. ಬಸ್ಸು ತಪ್ಪಿದರೆ ಇನ್ನೊಂದು ಬಸ್ಸಿದೆ. ಹೊಳೆಯಲ್ಲಿ ಕಾಲು ಜಾರಿದರೆ ಎರಡನೆಯ ಅವಕಾಶವಿಲ್ಲ.

ದೋಣಿ ನಿಂತ ದಿನ ಬುಕ್ಕಸಾಗರ–ಕಡೇಬಾಗಿಲು ಸೇತುವೆಯ ಮೂಲಕ ಸುತ್ತಿ ಹೋಗಬಹುದು. ತಳವಾರಘಟ್ಟದಲ್ಲೇ ಹಿಂದೆ ಒಂದು ಸೇತುವೆ ಏಳುತ್ತಿತ್ತು. ಸ್ಮಾರಕಗಳ ನಡುವೆ ಅದು ಬೇಡವೆಂಬ ವಾದ ಎದ್ದು, 1986ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ್ದ ಹಂಪಿ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. 2006ರಲ್ಲಿ ಅದರಿಂದ ಹೊರಬಂತು. ಆ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿಯಿತು. ದಾಟಲು ದಾರಿ ಬೇಕು ಎನ್ನುವ ಹಳ್ಳಿಗರು ಒಂದು ಕಡೆ, ಹಳೆಯ ಕಲ್ಲುಗಳು ಉಳಿಯಬೇಕು ಎನ್ನುವವರು ಇನ್ನೊಂದು ಕಡೆ. ಯಾರದು ಸರಿ ಎಂದು ಮಕ್ಕಳು ದಡದಲ್ಲಿ ಕೂತು ಚರ್ಚಿಸಲಿ.

ಸಂಜೆಗೆ ಅಣೆಕಟ್ಟು ನೋಡುವವರು ಅದರ 33 ತೂಬುಗಳನ್ನು ಎಣಿಸಬಹುದು. 2024ರ ಆಗಸ್ಟ್ 10ರ ರಾತ್ರಿ 19ನೆಯ ತೂಬಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ತಡೆಯಲು ಸುಮಾರು ಒಂದು ವಾರ ಹಿಡಿಯಿತು. 1953ರಲ್ಲಿ ನೀರು ತುಂಬಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗಷ್ಟೇ ಜಾಗವಿದೆ.

ಎರಡನೆಯ ದಡ: ಸಂಡೂರು

ಈ ಭಾಗದಲ್ಲಿ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್ ಸುಮಾರಿಗೆ. ಆದ್ದರಿಂದಲೇ ಸಂಡೂರಿನ ಗುಡ್ಡಗಳು ಶರದೃತುವಿನಲ್ಲಿ ಹಸಿರು ಹೊದ್ದಿರುತ್ತವೆ. 1934ರಲ್ಲಿ ಬಂದಿದ್ದ ಗಾಂಧೀಜಿಯವರ ಹೆಸರಿನಲ್ಲಿ, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂಬ ಮಾತು ಇಲ್ಲಿ ಜನಜನಿತ. ಘೋರ್ಪಡೆ ಮನೆತನದ ಈ ಪುಟ್ಟ ಸಂಸ್ಥಾನ 1949ರಲ್ಲಿ ಭಾರತದಲ್ಲಿ ವಿಲೀನವಾಯಿತು. ನಾರಿಹಳ್ಳ ಗುಡ್ಡಸಾಲನ್ನು ಕೊರೆದು ಮಾಡಿದ ಓಬಳಗಂಡಿ, ಭೀಮಗಂಡಿಗಳು, ಕಾಡಿನ ನಡುವಿನ ಕುಮಾರಸ್ವಾಮಿ ಮತ್ತು ಪಾರ್ವತಿ ದೇವಾಲಯಗಳು ಒಂದು ದಿನಕ್ಕೆ ಸಾಕು. ಲಂಬಾಣಿ ಮಹಿಳೆಯರ ಕಸೂತಿ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಸೂಜಿ ನಡೆಯುವ ರೀತಿಯನ್ನು ನೋಡಲು ಅರ್ಧ ಗಂಟೆ ಮೀಸಲಿಡಬೇಕು.

ಸಮುದ್ರ ಕಾಣದ ಈ ಪ್ರವಾಸದಲ್ಲಿ ಸಮುದ್ರ ಎದುರಾಗುವುದೂ ಇಲ್ಲಿಯೇ. ಪಟ್ಟೆಪಟ್ಟೆಯಾದ ಕಬ್ಬಿಣದ ಅದಿರಿನ ಕಲ್ಲು ಸುಮಾರು 270 ಕೋಟಿ ವರ್ಷಗಳ ಹಿಂದೆ ಕಡಲತಳದಲ್ಲಿ ಪದರಪದರವಾಗಿ ಕೂತದ್ದು. ನೀರಿನಲ್ಲಿ ಕರಗಿದ್ದ ಕಬ್ಬಿಣ ಆಮ್ಲಜನಕದೊಂದಿಗೆ ಸೇರಿ ತಳಕ್ಕಿಳಿಯಿತು. ಅದೇ ಗುಡ್ಡವನ್ನು ನಮ್ಮ ಕಾಲದವರು ಕೆಲವೇ ವರ್ಷಗಳಲ್ಲಿ ಅಗೆದರು. ಅಕ್ರಮ ಗಣಿಗಾರಿಕೆ ಮಿತಿಮೀರಿದಾಗ ಸುಪ್ರೀಂ ಕೋರ್ಟ್ 2011ರಲ್ಲಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು; 2013ರಲ್ಲಿ ಷರತ್ತುಗಳೊಡನೆ ಮತ್ತೆ ಬಿಟ್ಟಿತು. ಅದಿರು ಲಾರಿಗಳು ಓಡುವ ದಾರಿಯಾದ್ದರಿಂದ ಬಸ್ಸು ತಡವಾಗಬಹುದು. ವಾಪಸಿಗೆ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಮೂರನೆಯ ದಡ: ಕಂಪ್ಲಿ

ಕಂಪ್ಲಿಗೆ ಪ್ರವಾಸಿಗರು ಬರುವುದು ಕಡಿಮೆ. ಆದರೆ ಹಂಪಿಯ ಮುನ್ನುಡಿ ಇರುವುದು ಇಲ್ಲಿ. ಕಲ್ಯಾಣದ ಚಾಲುಕ್ಯರ ಅರಮನೆ ಇದ್ದ ಊರು ಇದು. ಹದಿನಾಲ್ಕನೆಯ ಶತಮಾನದಲ್ಲಿ ಕಂಪಿಲದೇವ ಆಳುತ್ತಿದ್ದಾಗ, ದೆಹಲಿಯ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಅವನ ಸಂಬಂಧಿ ಗುರ್ಶಾಸ್ಪ್ ಓಡಿಬಂದು ಆಶ್ರಯ ಬೇಡಿದ. ಕಂಪಿಲದೇವ ಆಶ್ರಯ ಕೊಟ್ಟ, ಬಂದವನನ್ನು ಒಪ್ಪಿಸಲಿಲ್ಲ. 1327ರ ಸುಮಾರಿಗೆ ರಾಜ್ಯವೇ ಹೋಯಿತು. ಅವನ ಮಗ ಕುಮಾರರಾಮನ ಕಥೆಯನ್ನು ಈ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ಆ ಬೂದಿಯಿಂದಲೇ 1336ರಲ್ಲಿ ವಿಜಯನಗರ ಎದ್ದಿತು. ಕೋಟೆಯ ಅವಶೇಷ, ಹೊಳೆದಂಡೆ, ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ ನೋಡಲು ಅರ್ಧ ದಿನ ಸಾಕು.

ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆ ತಗ್ಗಿನದು. ಜಲಾಶಯದಿಂದ ಹೆಚ್ಚು ನೀರು ಬಿಟ್ಟ ಮಳೆಗಾಲಗಳಲ್ಲಿ ಅದು ಮುಳುಗಿ ಸಂಚಾರ ನಿಂತಿದೆ. ಆ ಕಡೆಯಿಂದ ಆನೆಗೊಂದಿಗೆ ಹೋಗುವ ಆಲೋಚನೆಯಿದ್ದರೆ ಬೆಳಿಗ್ಗೆಯೇ ಹೊಸಪೇಟೆ ಬಸ್ ನಿಲ್ದಾಣದಲ್ಲಿ ವಿಚಾರಿಸಬೇಕು. ಹೊಳೆ ತುಂಬಿದ್ದರೆ ಕಂಪ್ಲಿಯನ್ನಷ್ಟೇ ನೋಡಿ ಬಂದ ದಾರಿಯಲ್ಲೇ ಮರಳುವುದು. ಉಳಿದ ಮಧ್ಯಾಹ್ನಕ್ಕೆ ದರೋಜಿಯ ಕರಡಿಧಾಮವಿದೆ. ವೀಕ್ಷಣಾ ಗೋಪುರದಲ್ಲಿ ಸದ್ದು ಮಾಡದೆ ಕೂರಬಲ್ಲ ಮಕ್ಕಳಿಗೆ ಬಂಡೆಗಳ ನಡುವಿನಿಂದ ಇಳಿದುಬರುವ ಕರಡಿ ಕಾಣಸಿಗಬಹುದು.

ಮೂರು ದಿನಗಳ ಕೊನೆಗೆ ಮಕ್ಕಳ ಹಾಳೆಯ ಮೇಲೆ ಹಲವು ಗೆರೆಗಳು ಅಳಿಸಿಹೋಗಿರುತ್ತವೆ. ಕೆಲವು ಹೊಸದಾಗಿ ಬಂದಿರುತ್ತವೆ. ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವುದನ್ನು ಅವರು ಕಲಿತಿರುತ್ತಾರೆ. ಎಲ್ಲಿಂದ ಹಿಂದಿರುಗಬೇಕೆಂದು ನಿರ್ಧರಿಸುವುದು ಅದಕ್ಕಿಂತ ಕಷ್ಟದ ವಿದ್ಯೆ. ಅದನ್ನು ಕಲಿಸಲು ತುಂಬಿ ಹರಿಯುವ ತುಂಗಭದ್ರೆಯ ದಡಕ್ಕಿಂತ ಒಳ್ಳೆಯ ಶಾಲೆ ಈ ಸೀಮೆಯಲ್ಲಿಲ್ಲ.