ತಾತ, ಇದರಲ್ಲಿ ನಾನೆಲ್ಲಿ?

ಕಳೆದ ಬೇಸಿಗೆ ರಜೆಗೆ ನನ್ನ ಮಗಳ ಮಗಳು ಬೆಂಗಳೂರಿನಿಂದ ಶಿಡ್ಲಘಟ್ಟಕ್ಕೆ ಬಂದಿದ್ದಳು. ಆರನೇ ತರಗತಿ ಮುಗಿಸಿ ಏಳಕ್ಕೆ ಹೋಗುವ ಹುಡುಗಿ. ಬಟ್ಟೆಯ ಚೀಲದ ಜೊತೆ ರಜೆಯ ಹೋಂವರ್ಕನ್ನೂ ಹೊತ್ತು ತಂದಿದ್ದಳು. ಪ್ರಪಂಚದ ಯಾವುದಾದರೂ ಒಂದು ಹಳೆಯ ಊರಿನ ಬಗ್ಗೆ ಬರೆದು, ಚಿತ್ರ ಅಂಟಿಸಿಕೊಂಡು ಬರಬೇಕಂತೆ. ಅವಳು ಆರಿಸಿಕೊಂಡದ್ದು ಚೀನಾ ದೇಶದ ಹೊಂಗ್‌ಚುನ್ ಎಂಬ ಹಳ್ಳಿ.

"ಯಾಕಮ್ಮ ಅಷ್ಟು ದೂರದ ಊರು?" ಎಂದೆ.

"ಅದು ಎತ್ತಿನ ಆಕಾರದಲ್ಲಿದೆ ತಾತ!" ಎಂದಳು.

ನಿಜವೇ. ಆನ್‌ಹುಯಿ ಪ್ರಾಂತ್ಯದ ಆ ಹಳ್ಳಿಯನ್ನು ಮಲಗಿರುವ ಎತ್ತಿಗೆ ಹೋಲಿಸುತ್ತಾರೆ. ಹಿಂದಿನ ಗುಡ್ಡ ಎತ್ತಿನ ತಲೆ, ದೊಡ್ಡ ಹಳೆಯ ಮರಗಳು ಕೊಂಬು, ಮನೆಗಳು ಮೈ, ಸೇತುವೆಗಳು ಕಾಲು. ಮನೆಮನೆಯ ಮುಂದೆ ಹರಿಯುವ ಕಾಲುವೆ ಕರುಳು, ಊರ ನಡುವಿನ ಅರ್ಧಚಂದ್ರಾಕಾರದ ಕೊಳ ಹೊಟ್ಟೆ. ಪಕ್ಕದ ಶೀಡಿ ಎಂಬ ಹಳ್ಳಿಯ ಜೊತೆ ಇದನ್ನೂ 2000ನೇ ಇಸವಿಯಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಇನ್ನೊಂದು ವಿಶೇಷವಿದೆ. ಹೊಂಗ್‌ಚುನ್ ಊರನ್ನು ಕಟ್ಟಿ ಬೆಳೆಸಿದ್ದು ವಾಂಗ್ ಎಂಬ ಒಂದೇ ಕುಲದವರು. ಶೀಡಿ ಹೂ ಕುಲದವರದು. ಅಂಥ ಊರುಗಳಲ್ಲಿ ಕುಲದ ಹಿರಿಯರನ್ನು ಪೂಜಿಸಲು ಒಂದು ದೊಡ್ಡ ಮನೆ, ತಲೆಮಾರುಗಳ ಹೆಸರು ಬರೆದಿಡಲು ಒಂದು ವಂಶದ ಪುಸ್ತಕ ಇರುತ್ತದೆ. ಎಷ್ಟೋ ಕುಲಗಳಲ್ಲಿ ಒಂದು ತಲೆಮಾರಿನ ಅಣ್ಣತಮ್ಮಂದಿರ, ದಾಯಾದಿಗಳ ಹೆಸರಿನಲ್ಲೆಲ್ಲ ಒಂದು ಅಕ್ಷರ ಸಮಾನವಾಗಿರುತ್ತದೆ. ಹೆಸರು ಕೇಳಿದರೆ ಸಾಕು, ಇವನು ಚಿಕ್ಕಪ್ಪನೋ ತಮ್ಮನೋ ಎಂದು ತಿಳಿಯುತ್ತದೆ. ಬ್ಯಾಂಕಿನ ಗುಮಾಸ್ತನಾಗಿದ್ದ ನನಗೆ ಈ ಏರ್ಪಾಟು ಬಹಳ ಹಿಡಿಸಿತು. ನಮ್ಮ ಶಾಖೆಯಲ್ಲಿ ಒಂದೇ ಹೆಸರಿನ ನಾಲ್ಕು ಮುನಿಶಾಮಪ್ಪಂದಿರ ಖಾತೆಗಳಿದ್ದು, ನಾನು ಪಟ್ಟ ಪಾಡು ನನಗೇ ಗೊತ್ತು.

"ತಾತ, ನಮಗೂ ಇಂಥದೊಂದು ಊರು ಇದೆಯಾ?" ಎಂದು ಅವಳು ಕೇಳಿದಳು.

"ಇದೆ. ನೀನು ಬಸ್ಸಿನಲ್ಲಿ ಬರುವಾಗ ಅದನ್ನು ದಾಟಿಕೊಂಡೇ ಬಂದೆ" ಎಂದೆ.

ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಬರುವ ಹೆದ್ದಾರಿಯಲ್ಲಿ ಆವತಿ ಎಂಬ ಊರು ಸಿಗುತ್ತದೆ. ಈಗ ಅಲ್ಲಿ ಬಸ್ಸು ಒಂದು ನಿಮಿಷ ನಿಂತು ಮುಂದೆ ಹೋಗುತ್ತದೆ, ಅಷ್ಟೆ. ಆದರೆ ನಮ್ಮ ಈ ಸೀಮೆಯ ಅರ್ಧ ಚರಿತ್ರೆ ಹೊರಟದ್ದು ಅಲ್ಲಿಂದ. ನನ್ನ ಅಜ್ಜಿ ಹೇಳುತ್ತಿದ್ದ ಕಥೆಯನ್ನೇ ಅವಳಿಗೂ ಹೇಳಿದೆ.

ಬಹಳ ಹಿಂದೆ ಕಂಚಿಯ ಕಡೆಯ ಒಂದು ಊರಿನಲ್ಲಿ ಮೊರಸು ಒಕ್ಕಲಿಗರ ಕುಟುಂಬಗಳಿದ್ದವು. ಅವರಲ್ಲಿ ದೊಡ್ಡಮ್ಮ ಎಂಬ ಹುಡುಗಿ. ಅಲ್ಲಿನ ಪಾಳೇಗಾರನೊಬ್ಬ ಆಕೆಯನ್ನು ಬಲವಂತದಿಂದ ಮದುವೆಯಾಗಲು ಹೊರಟ. ಮನೆಯವರಿಗೆ ಮನಸ್ಸಿಲ್ಲ, ಎದುರಿಸಲು ಬಲವಿಲ್ಲ. ಒಂದು ರಾತ್ರಿ ಏಳು ಬಂಡಿ ಕಟ್ಟಿ, ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ಹೊರಟೇಬಿಟ್ಟರು. ಹಿಂದೆ ಪಾಳೇಗಾರನ ಜನ ಅಟ್ಟಿಸಿಕೊಂಡು ಬಂದರು. ಮುಂದೆ ಪಾಲಾರ್ ನದಿ ತುಂಬಿ ಹರಿಯುತ್ತಿತ್ತು. ಆಗ ಆ ಹುಡುಗಿ ಗಂಗಮ್ಮನನ್ನು ನೆನೆದು ಕಿವಿಯ ಓಲೆಯನ್ನು ಬಿಚ್ಚಿ ನೀರಿಗೆ ಹಾಕಿದಳಂತೆ. ನದಿ ಇಬ್ಭಾಗವಾಗಿ ದಾರಿ ಬಿಟ್ಟಿತಂತೆ. ಬಂಡಿಗಳು ದಾಟಿದ ಮೇಲೆ ಮತ್ತೆ ಕೂಡಿಕೊಂಡಿತಂತೆ.

ಹಾಗೆ ಬಂದವರು ನಂದಿ ಬೆಟ್ಟದ ಸೀಮೆಯಲ್ಲಿ ಬಂಡಿ ಬಿಟ್ಟರು, ಕಾಡು ಕಡಿದು ಆವತಿಯಲ್ಲಿ ನೆಲೆಸಿದರು. ಅವರ ಮುಖ್ಯಸ್ಥ ರಣಭೈರೇಗೌಡ. ಮುಂದೆ ಆ ಮನೆತನ ಕವಲೊಡೆಯಿತು. ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ಸುಗಟೂರು, ಯಲಹಂಕ ಎಂದು ಒಂದೊಂದು ಕವಲು ಒಂದೊಂದು ಕಡೆ ಪಾಳೆಯಪಟ್ಟು ಕಟ್ಟಿತು. ಯಲಹಂಕದ ಕವಲಿನ ಕೆಂಪೇಗೌಡರು 1537ರಲ್ಲಿ ಬೆಂಗಳೂರಿಗೆ ಕೋಟೆ ಹಾಕಿಸಿದರು. ಚಿಕ್ಕಬಳ್ಳಾಪುರದ ಕಥೆಯಲ್ಲಿ ಒಂದು ಮೊಲ ಬೇಟೆನಾಯಿಗಳಿಗೆ ಹೆದರದೆ ತಿರುಗಿ ನಿಂತಿತಂತೆ. ಗಂಡು ಭೂಮಿ ಇದು ಎಂದು ಅಲ್ಲೇ ಕೋಟೆ ಕಟ್ಟಿದರಂತೆ.

ನದಿ ದಾರಿ ಬಿಟ್ಟದ್ದು, ಮೊಲ ತಿರುಗಿ ನಿಂತದ್ದು ಕಥೆ ಇರಬಹುದು. ಆದರೆ ಆವತಿ ನಾಡಪ್ರಭುಗಳು ಕಥೆಯಲ್ಲ. ದೇವನಹಳ್ಳಿಯ ಕೋಟೆ ಇಂದಿಗೂ ನಿಂತಿದೆ.

ಮೊಮ್ಮಗಳು ಬಾಯಿ ಬಿಟ್ಟುಕೊಂಡು ಕೇಳಿದಳು. "ಚೀನಾದವರ ಹಾಗೆ ನಮ್ಮದೂ ಪುಸ್ತಕ ಇದೆಯಾ ತಾತ?"

ಉತ್ತರ ಕರ್ನಾಟಕದ ಕಡೆ ಹೆಳವರು ಎಂಬ ಜನರಿದ್ದಾರೆ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತಾ ಸುಗ್ಗಿಯ ಕಾಲಕ್ಕೆ ಬಂದು, ಮನೆಯ ಮುಂದೆ ನಿಂತು ಆ ಮನೆತನದ ತಲೆಮಾರುಗಳ ಹೆಸರನ್ನು ಹೇಳಿ ಕಾಳು ಪಡೆದು ಹೋಗುತ್ತಾರೆ. ನಡೆದಾಡುವ ವಂಶದ ಪುಸ್ತಕವೇ ಅವರು. ನಮ್ಮ ಮನೆಯಲ್ಲಿ ಇದ್ದದ್ದು ಅಪ್ಪ ಬರೆದಿಟ್ಟ ಒಂದು ನೋಟ್‌ಬುಕ್ಕು. ಅದನ್ನು ನೋಡಿ ನಾನು 1986ರಲ್ಲಿ ದೊಡ್ಡ ಹಾಳೆಯ ಮೇಲೆ ಒಂದು ವಂಶವೃಕ್ಷ ಬರೆದಿದ್ದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಬ್ಯಾಂಕಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಹೆಮ್ಮೆಯಿಂದ ಬೀರುವಿನಿಂದ ತೆಗೆದು ಅವಳ ಮುಂದೆ ಹರಡಿದೆ. ಏಳು ತಲೆಮಾರು, ಕಪ್ಪು ಮಸಿ, ಕೆಂಪು ಗೆರೆ, ಸ್ಕೇಲ್ ಹಿಡಿದು ಎಳೆದದ್ದು.

ಅವಳು ಬೆರಳಿಟ್ಟು ಮೇಲಿನಿಂದ ಕೆಳಗೆ ಬಂದಳು. ನನ್ನ ಹೆಸರು ಸಿಕ್ಕಿತು. ತಮ್ಮನ ಹೆಸರು ಸಿಕ್ಕಿತು. ನನ್ನ ಮಗನ ಹೆಸರೂ ಸಿಕ್ಕಿತು. ಬೆರಳು ಅಲ್ಲಿಯೇ ನಿಂತಿತು.

"ತಾತ, ಇದರಲ್ಲಿ ನಾನೆಲ್ಲಿ?"

"ನೀನು ಆಗ ಹುಟ್ಟಿರಲಿಲ್ಲ ಕಣಮ್ಮ."

"ಅಮ್ಮ ಹುಟ್ಟಿದ್ದಳಲ್ಲ? ಅಮ್ಮ ಎಲ್ಲಿ? ಗೌರಿಬಿದನೂರಿನ ಅಜ್ಜಿ ಎಲ್ಲಿ?"

ಗೌರಿಬಿದನೂರಿನ ಅಜ್ಜಿ ಎಂದರೆ ನನ್ನ ಅಕ್ಕ. ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಾನು ಬಿ.ಕಾಂ. ಓದುವಾಗ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿ, ಗೂಡು ಬಿಡಿಸಿ ಮಾರಿದ ದುಡ್ಡಿನಲ್ಲಿ ತನಗೆಂದು ಎತ್ತಿಟ್ಟುಕೊಂಡದ್ದನ್ನು ನನ್ನ ಪರೀಕ್ಷೆಯ ಫೀಸಿಗೆ ಕೊಟ್ಟವಳು.

ಅವಳ ಹೆಸರು ಆ ಹಾಳೆಯಲ್ಲಿ ಇರಲಿಲ್ಲ. ಮರೆತು ಬಿಟ್ಟದ್ದಲ್ಲ. ಅದನ್ನೂ ಹೇಳಿಬಿಡುತ್ತೇನೆ.

1985ರಲ್ಲಿ ಅಪ್ಪ ತೀರಿಕೊಂಡರು. ಜಮೀನಿನ ಖಾತೆ ಬದಲಾಯಿಸಲು ವಂಶವೃಕ್ಷ ಬೇಕಾಯಿತು. "ಹೆಣ್ಣುಮಕ್ಕಳನ್ನು ಸೇರಿಸಿದರೆ ಸಹಿಗೆ ಅಲೆಯಬೇಕು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಬಿಟ್ಟು ಬರಿ" ಎಂದರು ಮನೆಯ ಹಿರಿಯರೊಬ್ಬರು. ನಾನು ಬಿಟ್ಟು ಬರೆದೆ. ಕೆಳಗೆ ಸಹಿಯನ್ನೂ ಹಾಕಿದೆ.

ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ಹಾಗೂ ಇಲ್ಲ. ಬ್ಯಾಂಕಿನಲ್ಲಿ ನಾನು ಕೂರುತ್ತಿದ್ದ ಕೌಂಟರಿಗೆ ತೀರಿಕೊಂಡವರ ಠೇವಣಿ ಕೇಳಿಕೊಂಡು ಜನ ಬರುತ್ತಿದ್ದರು. ನಾಮಿನಿ ಇಲ್ಲದಿದ್ದರೆ ಎಲ್ಲ ವಾರಸುದಾರರ ಹೆಸರು ಬೇಕು. ಎಷ್ಟೋ ರೈತರು ಗಂಡುಮಕ್ಕಳ ಹೆಸರನ್ನಷ್ಟೇ ಬರೆದು ತರುತ್ತಿದ್ದರು. "ಹೆಣ್ಣುಮಕ್ಕಳು ಎಷ್ಟು ಜನ? ಅವರ ಹೆಸರೂ ಬರೆಯಿರಿ. ಕಾಯ್ದೆ ಗೊತ್ತಿಲ್ಲವೇ?" ಎಂದು ಕಾಗದವನ್ನು ವಾಪಸು ತಳ್ಳುತ್ತಿದ್ದವನು ನಾನೇ. ಉಯಿಲು ಬರೆಯದೆ ತಂದೆ ತೀರಿಕೊಂಡರೆ ಅವನ ಪಾಲಿಗೆ ಹೆಣ್ಣುಮಕ್ಕಳೂ ವಾರಸುದಾರರು ಎಂದು 1956ರ ಕಾಯ್ದೆಯೇ ಹೇಳಿತ್ತು. 2005ರ ತಿದ್ದುಪಡಿ ಬಂದು ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದಿತು. ಪೇಪರಿನಲ್ಲಿ ಅದನ್ನು ಓದಿದ ದಿನ ಒಂದು ಗಳಿಗೆ ಅಕ್ಕನ ನೆನಪಾಯಿತು. ಪುಟ ತಿರುವಿದೆ.

ಅಕ್ಕ ಒಂದು ದಿನವೂ ಕೇಳಲಿಲ್ಲ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ನಾನು ಸೀರೆ, ಬಾಗಿನ ಕೊಡುತ್ತಿದ್ದೆ. ಅಷ್ಟಕ್ಕೇ ಲೆಕ್ಕ ಟ್ಯಾಲಿ ಆಯಿತು ಎಂದುಕೊಂಡಿದ್ದೆ.

ಮೊಮ್ಮಗಳು ಇನ್ನೂ ಹಾಳೆ ನೋಡುತ್ತಿದ್ದಳು. "ತಾತ, ಏಳು ಬಂಡಿ ಹೊರಟದ್ದು ಆ ಹುಡುಗಿಗೋಸ್ಕರ ಅಲ್ವಾ? ಮತ್ತೆ ಇಲ್ಲಿ ಒಬ್ಬ ಹುಡುಗಿಯೂ ಇಲ್ಲವಲ್ಲ?"

ಎಪ್ಪತ್ತು ದಾಟಿದ ನಾನು ಆ ಕಥೆಯನ್ನು ಎಷ್ಟು ಸಲ ಕೇಳಿದ್ದೆನೋ, ಎಷ್ಟು ಸಲ ಹೇಳಿದ್ದೆನೋ. ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಒಬ್ಬ ಮಗಳ ಮಾನ ಉಳಿಸಲು ಹೊಲ ಮನೆ ಬಿಟ್ಟು ಹೊರಟವರು ನಮ್ಮ ಹಿರಿಯರು ಎಂದು ಹೆಮ್ಮೆಪಡುತ್ತೇವೆ. ಅದೇ ಹಿರಿಯರ ಪಟ್ಟಿ ಬರೆಯುವಾಗ ಮಗಳನ್ನು ಬಿಡುತ್ತೇವೆ.

ಚೀನಾದವರೂ ಇದರಲ್ಲಿ ನಮಗಿಂತ ಬೇರೆಯಲ್ಲ. ಅವರ ಹಳೆಯ ವಂಶದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಗಂಡುಮಕ್ಕಳದೇ ಸಾಲು. ಆದರೆ ಮೊಮ್ಮಗಳ ಹೋಂವರ್ಕಿಗೆಂದು ಓದುವಾಗ ಒಂದು ಸಂಗತಿ ಸಿಕ್ಕಿತು. ಹೊಂಗ್‌ಚುನ್‌ನ ಕಾಲುವೆ, ಕೊಳಗಳ ಕೆಲಸ ಸುಮಾರು 600 ವರ್ಷಗಳ ಹಿಂದೆ ನಡೆದಾಗ ಮುಂದೆ ನಿಂತು ಮಾಡಿಸಿದವಳು ಕುಲದ ಹಿರಿಯನ ಹೆಂಡತಿ ಹೂ ಜೋಂಗ್ ಎಂದು ಆ ಊರಿನವರು ಹೇಳುತ್ತಾರೆ. ಹಿರಿಯರನ್ನು ಪೂಜಿಸುವ ಮನೆಯಲ್ಲಿ ಆಕೆಯ ಚಿತ್ರವನ್ನೂ ತೂಗುಹಾಕಿದ್ದಾರೆ. ಊರಿಗೆ ನೀರು ತಂದವಳನ್ನು ಊರು ಮರೆಯಲಿಲ್ಲ. ನನ್ನ ಫೀಸು ಕಟ್ಟಿದವಳನ್ನು ನಾನು ಮರೆತೆ.

ಎರಡು ದಿನ ಬಿಟ್ಟು ಹಾಳೆ ಸುತ್ತಿಕೊಂಡು ಮೊಮ್ಮಗಳ ಜೊತೆ ಗೌರಿಬಿದನೂರಿಗೆ ಹೊರಟೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ, ಮಂಚೇನಹಳ್ಳಿ ಮೇಲೆ ಹೋಗಬೇಕು. ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಶೂನ್ಯ ಟಿಕೆಟ್, ನನಗೆ ಹಿರಿಯ ನಾಗರಿಕರ ರಿಯಾಯಿತಿ. "ನೋಡು ತಾತ, ಸರ್ಕಾರಕ್ಕೆ ನಾನೇ ಮುಖ್ಯ" ಎಂದು ನಕ್ಕಳು.

ಅಕ್ಕ ಜಗಲಿಯ ಮೇಲೆ ಅವರೆಕಾಳು ಆರಿಸುತ್ತಾ ಕುಳಿತಿದ್ದಳು. ಎಂಬತ್ತೊಂದು ವರ್ಷ. ಕಣ್ಣು ಮಂಜು, ನೆನಪು ನಿಚ್ಚಳ. ಹಾಳೆ ಬಿಚ್ಚಿ, ಅವಳ ಹೆಸರು ಎಲ್ಲಿರಬೇಕಿತ್ತು ಎಂದು ತೋರಿಸಿ, 1986ರಲ್ಲಿ ಆದದ್ದನ್ನೆಲ್ಲ ಹೇಳಿದೆ. ಮಾತು ಸಲೀಸಾಗಿ ಬರಲಿಲ್ಲ.

ಅಕ್ಕ ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ. "ನನಗೆ ಆಗಲೇ ಗೊತ್ತಿತ್ತು ಕಣೋ" ಎಂದಳು.

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ದರೆ ತವರಿನ ಬಾಗಿಲು ಮುಚ್ಚುತ್ತಿತ್ತು. ನೀನಲ್ಲದಿದ್ದರೂ ಇನ್ನೊಬ್ಬರು ಮುಚ್ಚುತ್ತಿದ್ದರು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಕ್ಕನೇ, "ನನಗೆ ಹೇಳಿದೆಯಲ್ಲ, ಸರಿ. ಆ ಮಗುವಿಗೂ ಹೇಳು, ತಪ್ಪು ಅಂತ. ಇಲ್ಲದಿದ್ದರೆ ಅದೇ ಪದ್ಧತಿ ಅಂದುಕೊಳ್ಳುತ್ತೆ" ಎಂದಳು.

ಮೊಮ್ಮಗಳ ಕಡೆ ತಿರುಗಿ ಹೇಳಿದೆ: "ನಾನು ಮಾಡಿದ್ದು ತಪ್ಪು ಕಣಮ್ಮ." ಎದುರಿಗೆ ಅಧಿಕಾರಿ ಕೂತಿದ್ದಾಗಲೂ ಇಷ್ಟು ನಡುಗಿರಲಿಲ್ಲ.

ಹುಡುಗಿ ಪೆನ್ಸಿಲು ತೆಗೆದಳು. "ಅಜ್ಜಿ, ನಿಮ್ಮ ಅಮ್ಮನ ಹೆಸರು ಹೇಳಿ. ಅವರ ಅತ್ತೆಯ ಹೆಸರು?" ಅಕ್ಕ ಹೇಳುತ್ತಾ ಹೋದಳು. ನಮ್ಮಮ್ಮ ಚಿಂತಾಮಣಿ ಕಡೆಯವಳು, ಅಜ್ಜಿ ಸುಗಟೂರಿನ ಕಡೆಯವಳು, ಅಜ್ಜಿಯ ಅತ್ತೆ ಆವತಿಯ ಆಚೆಯಿಂದ ಬಂದವಳು. ಯಾರು ತವರಿನಿಂದ ಎಮ್ಮೆ ಹೊಡೆದುಕೊಂಡು ಬಂದಳು, ಯಾರು ಬರಗಾಲದಲ್ಲಿ ಕಾಲುಗಡಗ ಮಾರಿ ರಾಗಿ ತಂದಳು, ಎಲ್ಲವೂ ಅವಳ ಬಾಯಲ್ಲಿತ್ತು. ನನ್ನ ಏಳು ತಲೆಮಾರಿನ ಹಾಳೆಯಲ್ಲಿ ಬರೀ ಹೆಸರುಗಳಿದ್ದವು. ಅಕ್ಕ ಹೇಳಿದ ಐದು ಜನ ಹೆಂಗಸರಲ್ಲಿ ನಮ್ಮ ಮನೆ ಹೇಗೆ ಬದುಕಿತು ಎಂಬುದೆಲ್ಲ ಇತ್ತು.

ಈಗ ಹೊಸ ಹಾಳೆ ಬರೆದಿದ್ದೇನೆ. ಅಮ್ಮ, ಅಕ್ಕ, ಮಗಳು, ಮೊಮ್ಮಗಳು ಎಲ್ಲರೂ ಇದ್ದಾರೆ. ಮೇಲ್ತುದಿಯಲ್ಲಿ ಮೊಮ್ಮಗಳು ಒಂದು ಬಂಡಿಯ ಚಿತ್ರ ಬಿಡಿಸಿ, ಅದರಲ್ಲಿ ಓಲೆ ಹಾಕಿಕೊಂಡ ಒಬ್ಬ ಹುಡುಗಿಯನ್ನು ಕೂರಿಸಿದ್ದಾಳೆ. ಜಮೀನಿನ ವಿಷಯವಾಗಿ ತಮ್ಮನ ಜೊತೆ ಮಾತು ಶುರುಮಾಡಿದ್ದೇನೆ. ಮೊದಲ ಸಲ ಅವನು ಎದ್ದು ಹೋದ. ಎರಡನೇ ಸಲ ಕಾಫಿ ಮುಗಿಯುವವರೆಗೆ ಕುಳಿತಿದ್ದ. ನನ್ನ ಪಾಲಿನಲ್ಲಿ ಅಕ್ಕನಿಗೆ ಸೇರಬೇಕಾದದ್ದು ಎಷ್ಟೆಂದು ಲೆಕ್ಕ ಹಾಕಿಟ್ಟಿದ್ದೇನೆ. ಲೆಕ್ಕ ನನಗೆ ಯಾವತ್ತೂ ಕಷ್ಟವಾಗಿರಲಿಲ್ಲ.

ಅಕ್ಕನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. "ಮನೆಯ ಹಾಳೆಯಲ್ಲಿ ಬರಿ, ಪೇಪರಿನಲ್ಲಿ ಬೇಡ" ಎಂದು ಅವಳು ಹೇಳಿದ್ದಾಳೆ.

ಮಕ್ಕಳೇ, ಈ ಭಾನುವಾರ ಒಂದು ಹಾಳೆ ತೆಗೆದುಕೊಂಡು ನಿಮ್ಮ ಅಜ್ಜಿಯ ಪಕ್ಕ ಕುಳಿತುಕೊಳ್ಳಿ. "ಅಜ್ಜಿ, ನಿಮ್ಮ ಅಜ್ಜಿಯ ಹೆಸರೇನು? ಅವರ ತವರು ಯಾವುದು?" ಎಂದು ಕೇಳಿ. ಪೆನ್ಸಿಲು ಚೆನ್ನಾಗಿ ಕೆತ್ತಿಕೊಂಡು ಹೋಗಿ, ಬರೆಯುವುದು ಬಹಳ ಇರುತ್ತದೆ. ಅಜ್ಜ ಅಜ್ಜಿಯರೇ, ಮೊಮ್ಮಕ್ಕಳು ಹಾಳೆ ನೋಡಿ ಏನಾದರೂ ಕೇಳಿದರೆ, ದಯವಿಟ್ಟು ನನ್ನ ಹಾಗೆ ಪುಟ ತಿರುವಬೇಡಿ.